ಚಿಕ್ಕ ವಯಸ್ಸಿನಲ್ಲಿ ಗರ್ಭಚೀಲ ತೆಗೆಸಿದವರ ಹೃದಯಕ್ಕೆ ಈಸ್ಟ್ರೊಜೆನ್ ಮಾತ್ರೆ ಬೇಕೆ?

ಶಹಾಪುರದ ಶಿಕ್ಷಕಿ (ಪ್ರಶ್ನೆ):

ನನ್ನ ಅಕ್ಕನಿಗೆ ಈಗ 46 ವರ್ಷ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಹತ್ತಿ ಬಿಡಿಸುವುದು, ತೊಗರಿ ರಾಶಿ ಮಾಡುವುದು ಈಗಲೂ ನಡೆದಿದೆ. 37ನೇ ವಯಸ್ಸಿನಲ್ಲಿ ವಿಪರೀತ ರಕ್ತಸ್ರಾವವಾಗುತ್ತಿದೆ ಎಂದು ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ತೋರಿಸಿದಾಗ, ಮಕ್ಕಳಾಗಿರುವುದರಿಂದ ಇನ್ನು ಗರ್ಭಚೀಲದ ಉಪಯೋಗವಿಲ್ಲ, ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು ಎಂದು ಹೇಳಿ ಅದೇ ವಾರ ಶಸ್ತ್ರಚಿಕಿತ್ಸೆ ಮಾಡಿದರು. ಚೀಲದ ಜೊತೆ ಬೇರೇನನ್ನಾದರೂ ತೆಗೆದರೇ ಎಂಬುದನ್ನು ಮನೆಯವರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇತ್ತೀಚೆಗೆ ರಾತ್ರಿ ಮಲಗಿದ್ದಾಗ ಇದ್ದಕ್ಕಿದ್ದಂತೆ ಮುಖಕ್ಕೂ ಎದೆಗೂ ಝಳ ಹೊಡೆದಂತಾಗಿ ಬೆವರುತ್ತಾರೆ, ಎದೆ ಡವಗುಟ್ಟುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲೇ 42–43 ಡಿಗ್ರಿ ಮುಟ್ಟುವುದರಿಂದ ಮೊದಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ಚಳಿಗಾಲದಲ್ಲೂ ನಡುರಾತ್ರಿ ಕೌದಿ ಸರಿಸಿ ಎದ್ದು ಕೂರುವುದನ್ನು ನೋಡಿದ ಮೇಲೆ ಕರೆದುಕೊಂಡು ಹೋಗಿ ತಪಾಸಣೆ ಮಾಡಿಸಿದೆ. ಬಿಪಿ 152/96 ಇದೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 168, ಮೂರು ತಿಂಗಳ ಸರಾಸರಿ ಸಕ್ಕರೆ 6.1. ಇಸಿಜಿಯಲ್ಲಿ ದೋಷವಿಲ್ಲವೆಂದರು. ಬಿಪಿ ಮಾತ್ರೆ ಶುರುವಾಗಿದೆ.

ಈಗ ಗೊಂದಲ ಇಷ್ಟು. ಪರಿಚಯದವರೊಬ್ಬರು, ಈಸ್ಟ್ರೊಜೆನ್ ಹೆಂಗಸರ ಹೃದಯವನ್ನು ಕಾಯುವ ಹಾರ್ಮೋನ್, ಅದು ಹೋದದ್ದರಿಂದಲೇ ಇದೆಲ್ಲ ಆಗಿದೆ, ಮಾತ್ರೆಯ ರೂಪದಲ್ಲಿ ತೆಗೆದುಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ಆ ಮಾತ್ರೆಯಿಂದಲೇ ಹೃದಯಾಘಾತ ಮತ್ತು ಸ್ತನ ಕ್ಯಾನ್ಸರ್ ಬರುತ್ತದೆ, ಅಮೆರಿಕದಲ್ಲಿ ಅದರ ಅಧ್ಯಯನವನ್ನೇ ನಡುವೆ ನಿಲ್ಲಿಸಿದರು ಎನ್ನುತ್ತಾರೆ. ಎರಡೂ ಮಾತು ಓದು ಬಲ್ಲವರದೇ. ಯಾವುದು ನಿಜ? ಶಸ್ತ್ರಚಿಕಿತ್ಸೆಯಾಗಿ ಇಷ್ಟು ವರ್ಷಗಳಾದ ಮೇಲೆ ಮಾತ್ರೆ ಆರಂಭಿಸುವುದರಲ್ಲಿ ಅರ್ಥವಿದೆಯೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಬೀದರ್‌ನ ಸ್ತ್ರೀರೋಗ ವೈದ್ಯೆ:

ಇಬ್ಬರೂ ಹೇಳಿದ್ದರಲ್ಲಿ ಸತ್ಯಾಂಶವಿದೆ, ಆದರೆ ಇಬ್ಬರೂ ನಿಮ್ಮ ಅಕ್ಕನ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈ ವಿಷಯದಲ್ಲಿ ವಯಸ್ಸೇ ಮುಖ್ಯ: ಅಂಡಾಶಯ ಯಾವಾಗ ಕೆಲಸ ನಿಲ್ಲಿಸಿತು, ಅದಾಗಿ ಎಷ್ಟು ವರ್ಷಕ್ಕೆ ಹಾರ್ಮೋನ್ ಕೊಟ್ಟರು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಮೊದಲು ಹಾರ್ಮೋನಿನ ಕೆಲಸವನ್ನು ನೋಡೋಣ. ಮುಟ್ಟಾಗುವ ವಯಸ್ಸಿನಲ್ಲಿ ಅಂಡಾಶಯಗಳು ಎಸ್ಟ್ರಾಡಿಯೋಲ್ ಎಂಬ ಬಗೆಯ ಈಸ್ಟ್ರೊಜೆನ್ ತಯಾರಿಸುತ್ತವೆ. ಅದು ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚು ಉತ್ಪತ್ತಿಯಾಗುವಂತೆ ಮಾಡುವುದರಿಂದ ನಾಳಗಳು ಸಡಿಲಗೊಂಡು ಹಿಗ್ಗುತ್ತವೆ. ಯಕೃತ್ತು ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಹೆಚ್ಚು ಹೀರಿಕೊಳ್ಳುವುದಕ್ಕೂ ಅದೇ ಕಾರಣ. ಮುಟ್ಟು ನಿಂತಾಗ ಈ ಎರಡೂ ಅನುಕೂಲಗಳು ಕಡಿಮೆಯಾಗುತ್ತವೆ. ಅಮೆರಿಕದಲ್ಲಿ 1996ರಿಂದ ನಡುವಯಸ್ಸಿನ ಮಹಿಳೆಯರನ್ನು ವರ್ಷ ವರ್ಷವೂ ಪರೀಕ್ಷಿಸುತ್ತ ಬಂದ ಸ್ವಾನ್ ಅಧ್ಯಯನದಲ್ಲಿ, ಕೊನೆಯ ಮುಟ್ಟಿನ ಹಿಂದುಮುಂದಿನ ಒಂದು ವರ್ಷದಲ್ಲಿ ಎಲ್‌ಡಿಎಲ್ ಎದ್ದು ಕಾಣುವಂತೆ ಜಿಗಿಯುವುದು ಕಂಡುಬಂತು; ವಯಸ್ಸಾಗುತ್ತಿದ್ದಂತೆ ನಿಧಾನವಾಗಿ ಏರುವ ಬಗೆಗಿಂತ ಅದು ಬೇರೆ. ಹೊಟ್ಟೆಯ ಸುತ್ತ ಬೊಜ್ಜು ಸೇರುವುದೂ ಇದೇ ಸಮಯದಲ್ಲಿ. ಸಾಮಾನ್ಯವಾಗಿ ಹೆಂಗಸರಿಗೆ ಮೊದಲ ಹೃದಯಾಘಾತ ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಆಗುತ್ತದೆ ಎಂದು 52 ದೇಶಗಳನ್ನೊಳಗೊಂಡ ಇಂಟರ್‌ಹಾರ್ಟ್ ಅಧ್ಯಯನ ಕಂಡುಕೊಂಡಿದೆ. ಸಕ್ಕರೆ ಕಾಯಿಲೆ ಬಂದರೆ ಈ ಹೆಚ್ಚುವರಿ ರಕ್ಷಣೆ ಬಹುಪಾಲು ಇಲ್ಲವಾಗುತ್ತದೆ. ಆದ್ದರಿಂದ ಅಕ್ಕನ 6.1 ಎಂಬ ಸಂಖ್ಯೆಯನ್ನು ಹಗುರವಾಗಿ ನೋಡಬೇಡಿ, ಅದು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದೆ.

ಹಾಗಿದ್ದರೆ ಕಳೆದುಹೋದ ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಹೃದಯ ಉಳಿಯಬೇಕಲ್ಲವೆ? ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವೈದ್ಯರು ಹಾಗೆಯೇ ನಂಬಿದ್ದರು. 1976ರಲ್ಲಿ ಆರಂಭವಾದ ನರ್ಸ್‌ಗಳ ಆರೋಗ್ಯ ಅಧ್ಯಯನದಲ್ಲಿ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರಿಗೆ ಹೃದಯರೋಗ ಕಡಿಮೆ ಇದ್ದದ್ದು ಕಂಡಿತ್ತು. ಆದರೆ ಹಾಗೆ ತೆಗೆದುಕೊಳ್ಳುತ್ತಿದ್ದವರು ಮೊದಲೇ ಹೆಚ್ಚು ಆರೋಗ್ಯವಂತರೂ ಅನುಕೂಲಸ್ಥರೂ ಆಗಿರುವ ಸಾಧ್ಯತೆಯಿತ್ತು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ನಿಜವಾದ ಔಷಧ, ಅರ್ಧ ಜನರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದಾಗಲೇ ಸತ್ಯ ತಿಳಿಯುವುದು. ಮೊದಲೇ ಹೃದಯರೋಗವಿದ್ದ 2,763 ಮಹಿಳೆಯರಲ್ಲಿ ಹಾಗೆ ನಡೆಸಿದ ಹರ್ಸ್ ಪರೀಕ್ಷೆಯ ಫಲಿತಾಂಶ 1998ರಲ್ಲಿ ಬಂತು. ಒಟ್ಟಾರೆ ಲಾಭ ಕಾಣಲಿಲ್ಲ, ಮೊದಲ ವರ್ಷದಲ್ಲಂತೂ ತೊಂದರೆ ಹೆಚ್ಚಿತ್ತು.

ನಿಮಗೆ ಯಾರೋ ಹೇಳಿದ, ನಡುವೆ ನಿಲ್ಲಿಸಿದ ಅಧ್ಯಯನ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್. 50ರಿಂದ 79 ವರ್ಷದ 16,608 ಮಹಿಳೆಯರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರೋನ್‌ನಂತೆ ಕೆಲಸ ಮಾಡುವ ಹಾರ್ಮೋನ್) ಸೇರಿದ ಮಾತ್ರೆ ಅಥವಾ ಹುಸಿ ಮಾತ್ರೆ ಕೊಡುತ್ತಿದ್ದ ಭಾಗವನ್ನು 2002ರ ಜುಲೈನಲ್ಲಿ ನಿಲ್ಲಿಸಲಾಯಿತು. ವರ್ಷಕ್ಕೆ 10,000 ಮಹಿಳೆಯರಲ್ಲಿ ಹೃದಯಾಘಾತದಂತಹ ಪ್ರಕರಣಗಳು ಹುಸಿ ಮಾತ್ರೆಯವರಲ್ಲಿ 30, ಹಾರ್ಮೋನಿನವರಲ್ಲಿ 37. ಪಾರ್ಶ್ವವಾಯು 21ರ ಬದಲು 29, ಸ್ತನ ಕ್ಯಾನ್ಸರ್ 30ರ ಬದಲು 38. ಸೊಂಟದ ಮೂಳೆ ಮುರಿತ ಕಡಿಮೆಯಾಗಿತ್ತು. ಹೆಚ್ಚಳ ನಿಜ, ಅದನ್ನು ಮುಚ್ಚಿಡಬಾರದು. ಆದರೆ ಅದರ ಗಾತ್ರ ಎಷ್ಟೆಂಬುದನ್ನೂ ಹೇಳಬೇಕು. ಪತ್ರಿಕೆಗಳ ತಲೆಬರಹದಲ್ಲಿ ಆ ಎರಡನೆಯ ಮಾತು ಬಿಟ್ಟುಹೋಯಿತು, ಜಗತ್ತಿನಾದ್ಯಂತ ಹೆಂಗಸರು ಒಮ್ಮೆಗೇ ಮಾತ್ರೆ ನಿಲ್ಲಿಸಿದರು.

ಆ ಮಹಿಳೆಯರ ಸರಾಸರಿ ವಯಸ್ಸು 63. ಅಂದರೆ ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷಕ್ಕೂ ಮೀರಿತ್ತು, ಅನೇಕರ ರಕ್ತನಾಳಗಳಲ್ಲಿ ಕೊಬ್ಬಿನ ಗಡ್ಡೆಗಳು ಅದಾಗಲೇ ಕೂತಿದ್ದಿರಬೇಕು. ಗರ್ಭಕೋಶ ತೆಗೆಸಿಕೊಂಡಿದ್ದ 10,739 ಮಹಿಳೆಯರಿಗೆ ಈಸ್ಟ್ರೊಜೆನ್ ಒಂದನ್ನೇ ಪರೀಕ್ಷಿಸಿದ ಇನ್ನೊಂದು ಭಾಗವನ್ನೂ 2004ರಲ್ಲಿ ನಿಲ್ಲಿಸಿದರು. ಅಲ್ಲಿ ಪಾರ್ಶ್ವವಾಯು ಹೆಚ್ಚಾಯಿತು, ಹೃದಯಾಘಾತ ಹೆಚ್ಚಾಗಲಿಲ್ಲ, ಸ್ತನ ಕ್ಯಾನ್ಸರ್ ಕೂಡ ಹೆಚ್ಚಾಗಲಿಲ್ಲ. ಮುಂದೆ 643 ಮಹಿಳೆಯರಲ್ಲಿ ನಡೆದ ಎಲೀಟ್ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತು ಆರು ವರ್ಷದೊಳಗೆ ಎಸ್ಟ್ರಾಡಿಯೋಲ್ ಆರಂಭಿಸಿದವರಲ್ಲಿ ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪವಾಗುವುದು ನಿಧಾನವಾಯಿತು, ಹತ್ತು ವರ್ಷ ಕಳೆದ ಮೇಲೆ ಆರಂಭಿಸಿದವರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಇದು ನಾಳದ ಗೋಡೆಯ ಅಳತೆಯೇ ಹೊರತು ಹೃದಯಾಘಾತಗಳ ಎಣಿಕೆಯಲ್ಲ ಎಂಬುದನ್ನೂ ಗಮನಿಸಬೇಕು. ಹಾಗಾಗಿಯೇ ವಾಡಿಕೆಯ ವಯಸ್ಸಿನಲ್ಲಿ ಮುಟ್ಟು ನಿಂತವರಿಗೆ ಕೇವಲ ಹೃದಯವನ್ನು ಕಾಯುವ ಉದ್ದೇಶದಿಂದ ಹಾರ್ಮೋನ್ ಕೊಡಬಾರದೆಂಬುದೇ ಇಂದಿನ ಸಲಹೆ. ಮೈ ಝಳ, ನಿದ್ರೆಗೇಡು ತೀವ್ರವಾಗಿದ್ದರೆ ಕೊಡುತ್ತೇವೆ, ಅದು ಬೇರೆ ಕಾರಣ.

ಆದರೆ 40 ವರ್ಷಕ್ಕೆ ಮುಂಚೆ ಎರಡೂ ಅಂಡಾಶಯ ಕಳೆದುಕೊಂಡವರ ವಿಷಯಕ್ಕೆ ಈ ಅಧ್ಯಯನಗಳನ್ನು ಎಳೆದು ತರುವುದು ಸರಿಯಲ್ಲ. ಅವರಿಗೆ ಸಹಜವಾಗಿ ಇನ್ನೂ ಹತ್ತು ಹನ್ನೆರಡು ವರ್ಷ ಇರಬೇಕಾಗಿದ್ದ ಹಾರ್ಮೋನ್ ಒಂದೇ ದಿನದಲ್ಲಿ ಹೋಗಿರುತ್ತದೆ. ಅವರಲ್ಲಿ ಹೃದಯರೋಗವೂ ಮೂಳೆ ಸವೆತವೂ ಹೆಚ್ಚು. ಸ್ತನ ಕ್ಯಾನ್ಸರ್‌ನಂತಹ ಅಡ್ಡಿಗಳಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೊಜೆನ್ ಕೊಡಬೇಕೆಂದು ವೈದ್ಯಕೀಯ ಸಂಘಗಳ ಮಾರ್ಗಸೂಚಿಗಳು ಹೇಳುತ್ತವೆ. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಕಳಿಸುವಾಗ ಈ ಮಾತನ್ನು ರೋಗಿಗೆ ಹೇಳದಿರುವುದು ನನ್ನ ದೃಷ್ಟಿಯಲ್ಲಿ ಅರ್ಧ ಚಿಕಿತ್ಸೆ.

ಆದ್ದರಿಂದ ಮೊದಲ ಕೆಲಸ ಹಳೆಯ ಕಾಗದ ಹುಡುಕುವುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಶಸ್ತ್ರಚಿಕಿತ್ಸೆಯ ಹೆಸರು ಇರುತ್ತದೆ. ಹಿಸ್ಟೆರೆಕ್ಟಮಿ ಎಂದಷ್ಟೇ ಇದ್ದರೆ ಗರ್ಭಕೋಶ, ಅದರ ಮುಂದೆ ಬೈಲ್ಯಾಟರಲ್ ಸಾಲ್ಪಿಂಗೊ ಊಫೊರೆಕ್ಟಮಿ ಎಂದಿದ್ದರೆ ಎರಡೂ ಅಂಡಾಶಯ ಮತ್ತು ನಾಳಗಳು. ಅದಕ್ಕಿಂತಲೂ ನಂಬಬೇಕಾದದ್ದು ಬಯಾಪ್ಸಿ ವರದಿ, ಏಕೆಂದರೆ ಪ್ರಯೋಗಾಲಯದವರು ತಮ್ಮ ಕೈಗೆ ಬಂದ ಅಂಗಗಳನ್ನು ಅಳತೆ ಮಾಡಿ ಬರೆದಿರುತ್ತಾರೆ. ಅದು ಸಿಕ್ಕ ಮೇಲೆ ಇಲ್ಲಿ ತಿಳಿಸಿ.

ಆಳಂದದ ಸ್ಟಾಫ್ ನರ್ಸ್:

ವೈದ್ಯರು ಬರೆದ ಮೇಲೆ ಹಾರ್ಮೋನಿನ ಬಗ್ಗೆ ನಾನು ಹೇಳುವುದೇನೂ ಉಳಿದಿಲ್ಲ. ಆದರೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿಯೂ ಹಳ್ಳಿಗಳಲ್ಲಿಯೂ ಕೆಲಸ ಮಾಡಿದವಳಾಗಿ ಈ ಪ್ರಶ್ನೆ ಒಂದು ಮನೆಯದಲ್ಲ ಎಂದು ಹೇಳಲೇಬೇಕು. ಮೂವತ್ತು ಮೂವತ್ತೈದು ವರ್ಷಕ್ಕೇ ಗರ್ಭಚೀಲ ತೆಗೆಸಿಕೊಂಡ ಹೆಣ್ಣುಮಕ್ಕಳು ನಮ್ಮ ಭಾಗದಲ್ಲಿ ಎಷ್ಟೊಂದು ಮಂದಿ ಇದ್ದಾರೆ! ಬಿಳಿ ಸೆರಗು, ಸೊಂಟ ನೋವು, ಹೆಚ್ಚು ರಕ್ತಸ್ರಾವ ಎಂದು ಹೋದವರಿಗೆ ಮಾತ್ರೆಯಿಂದ ಗುಣವಾಗಬಹುದಾಗಿದ್ದರೂ ಶಸ್ತ್ರಚಿಕಿತ್ಸೆಯಾಗಿದೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, ಅದನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಮುಂದಿನವರಿಗೆ ಇದು ಒಳ್ಳೆಯದು. ಈಗಾಗಲೇ ತೆಗೆಸಿಕೊಂಡವರ ಬಿಪಿ, ಶುಗರ್, ಕೊಲೆಸ್ಟ್ರಾಲನ್ನು ನಿಯಮಿತವಾಗಿ ನೋಡುವವರು ಬೇಕಲ್ಲ, ನನ್ನ ಚಿಂತೆ ಅದು.

ಇನ್ನೊಂದು ವಿಷಯ ನಿಮ್ಮ ಅಕ್ಕನಿಗೂ ಮನೆಯವರಿಗೂ ತಿಳಿದಿರಲಿ. ಹೃದಯಾಘಾತವಾದ ಹೆಂಗಸರಲ್ಲಿಯೂ ಎದೆನೋವೇ ಹೆಚ್ಚಾಗಿ ಕಾಣುವ ಲಕ್ಷಣ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದಮ್ಮು ಹತ್ತುವುದು, ಓಕರಿಕೆ, ದವಡೆ ಅಥವಾ ಬೆನ್ನಿನ ನಡುವೆ ನೋವು, ಕೈಕಾಲು ಬಿದ್ದುಹೋದಂತಹ ಆಯಾಸ, ತಣ್ಣನೆಯ ಬೆವರು ಬರುವುದು ಅವರಲ್ಲಿ ಹೆಚ್ಚು. ಇದನ್ನು ಪಿತ್ತ ಎಂದೋ ಗ್ಯಾಸ್ ಎಂದೋ ಎಣಿಸಿ ಸೋಡಾ ಕುಡಿಸಿ ಮಲಗಿಸುತ್ತಾರೆ. ಗಂಡಸಿಗೆ ಎದೆನೋವು ಬಂದರೆ ಆ ಕ್ಷಣವೇ ಗಾಡಿ ಹುಡುಕುವ ಮನೆಯಲ್ಲಿ ಹೆಂಗಸಿಗೆ ಬಂದಾಗ ಬೆಳಗಾಗಲಿ ನೋಡೋಣ ಎನ್ನುವುದನ್ನು ನಾನು ಕಂಡಿದ್ದೇನೆ, ಅದು ನನಗೆ ಬಹಳ ಸಂಕಟ ತರುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದರಲ್ಲಿದೆ. ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೇ ಅದರ ಪೂರ್ಣ ಪ್ರಯೋಜನ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆ ಇದೆ, ಬೆಂಗಳೂರಿಗೋ ಸೊಲ್ಲಾಪುರಕ್ಕೋ ಓಡಬೇಕಾಗಿಲ್ಲ.

ಅಕ್ಕ ಹಲ್ಲಿಗೆ ಮಿಶ್ರಿ ತಿಕ್ಕುತ್ತಾರೆಯೆ ಎಂದೂ ಕೇಳಿ ನೋಡಿ. ಅದು ಸುಟ್ಟ ತಂಬಾಕು. ತಂಬಾಕಿನ ಅಭ್ಯಾಸವಿದೆಯೆ ಎಂದು ಕೇಳಿದರೆ ಹೆಂಗಸರು ಇಲ್ಲ ಎಂದೇ ಹೇಳುತ್ತಾರೆ, ಮಿಶ್ರಿಯನ್ನು ಅವರು ತಂಬಾಕೆಂದು ಎಣಿಸುವುದಿಲ್ಲ.

ಹುಮನಾಬಾದ್ ಓದುಗ:

ನಾನು ವೈದ್ಯನಲ್ಲ. ಆದರೆ ಅಧ್ಯಯನವನ್ನೇ ನಿಲ್ಲಿಸಬೇಕಾಗಿ ಬಂದ ಔಷಧವನ್ನು ಯಾವುದೇ ವಯಸ್ಸಿನವರಿಗಾಗಲಿ ಕೊಡುವುದು ನನಗೆ ಒಪ್ಪಿತವಾಗುವುದಿಲ್ಲ. ಸೋಯಾ ಮತ್ತು ಅಗಸೆಯಲ್ಲಿ ಸಸ್ಯಜನ್ಯ ಈಸ್ಟ್ರೊಜೆನ್ ಇದೆಯೆಂದು ಓದಿದ್ದೇನೆ. ನಮ್ಮ ಕಡೆಯ ಊಟದಲ್ಲಿ ಜೋಳದ ರೊಟ್ಟಿಯ ಜೊತೆ ಅಗಸಿ ಹಿಂಡಿ ಮೊದಲಿನಿಂದಲೂ ಇರುವಾಗ, ಅದನ್ನೇ ಹೆಚ್ಚಿಸಿದರೆ ಸಾಲದೆ?

ಬೀದರ್‌ನ ಸ್ತ್ರೀರೋಗ ವೈದ್ಯೆ:

ಅಗಸೆ ಒಳ್ಳೆಯ ಆಹಾರ, ಬಿಡಬೇಡಿ. ಅದರಲ್ಲಿ ಲಿಗ್ನನ್ ಎಂಬ ಸಸ್ಯಜನ್ಯ ಅಂಶವಿದೆ, ನಾರಿದೆ, ಒಳ್ಳೆಯ ಕೊಬ್ಬಿದೆ. ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ. ಸೋಯಾದಿಂದ ಕೆಲವರಿಗೆ ಮೈ ಝಳ ತುಸು ತಗ್ಗುತ್ತದೆ. ಆದರೆ 168 ಎಲ್‌ಡಿಎಲ್ ಇರುವವರನ್ನು ಹಿಂಡಿಯಿಂದಲೇ ಸರಿಪಡಿಸುತ್ತೇನೆಂದು ಕಾಯಬಾರದು, ಚಿಕ್ಕ ವಯಸ್ಸಿನಲ್ಲಿ ಕಳೆದುಹೋದ ಅಂಡಾಶಯದ ಜಾಗವನ್ನು ಸಸ್ಯಜನ್ಯ ಅಂಶ ತುಂಬುವುದೂ ಇಲ್ಲ. ಬಿಪಿ ಇರುವವರು ಹಿಂಡಿಗೆ ಹಾಕುವ ಉಪ್ಪನ್ನೂ ನೋಡಿಕೊಳ್ಳಬೇಕು. ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ತಟ್ಟೆಯಲ್ಲಿ ಬಂದರೆ ಬಿಪಿ ಮಾತ್ರೆಯ ಕೆಲಸ ಕಷ್ಟವಾಗುತ್ತದೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅಧ್ಯಯನ ನಿಂತದ್ದು ಅದರಲ್ಲಿದ್ದ ವಯಸ್ಸಿನ ಮಹಿಳೆಯರಿಗೆ, ಆ ಪ್ರಮಾಣದಲ್ಲಿ, ಬಾಯಿಯಿಂದ ಕೊಟ್ಟ ಮಾತ್ರೆಯಿಂದ. ಬಾಯಿಯಿಂದ ಹೋದ ಈಸ್ಟ್ರೊಜೆನ್ ಮೊದಲು ಯಕೃತ್ತಿಗೆ ತಲುಪಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿಯಲ್ಲಿ ಯಕೃತ್ತಿನ ಆ ಮೊದಲ ಸುತ್ತು ತಪ್ಪುತ್ತದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಅದರಿಂದ ಹೆಚ್ಚಾದಂತೆ ಇದುವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ. ಬಿಪಿ ಇರುವವರಿಗೆ ನಾವು ಅದನ್ನೇ ಆರಿಸಿಕೊಳ್ಳುತ್ತೇವೆ. ಗರ್ಭಕೋಶ ಇರುವವರಿಗೆ ಅದರ ಒಳಪದರದ ಕ್ಯಾನ್ಸರ್ ತಡೆಯಲು ಪ್ರೊಜೆಸ್ಟರೋನ್ ಸೇರಿಸಲೇಬೇಕು. ಗರ್ಭಕೋಶವಿಲ್ಲದವರಿಗೆ ಸಾಮಾನ್ಯವಾಗಿ ಅದು ಬೇಡ.

ಶಹಾಪುರದ ಶಿಕ್ಷಕಿ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕಾಗದಗಳು ಸಿಕ್ಕವು; ರೇಷನ್ ಕಾರ್ಡ್, ಹೊಲದ ಪಹಣಿ ಇಟ್ಟಿದ್ದ ಟ್ರಂಕಿನ ತಳದಲ್ಲಿದ್ದವು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ ಹಿಸ್ಟೆರೆಕ್ಟಮಿ ಎಂದಿದೆ. ಆದರೆ ಬಯಾಪ್ಸಿ ವರದಿಯಲ್ಲಿ ಗರ್ಭಕೋಶ, ಗರ್ಭಕೊರಳು, ಎರಡೂ ನಾಳಗಳು ಮತ್ತು ಒಂದು ಅಂಡಾಶಯ ಬಂದಿದೆಯೆಂದೂ ಅದರಲ್ಲಿ ಸಣ್ಣ ನೀರುಗುಳ್ಳೆ ಇತ್ತೆಂದೂ ಬರೆದಿದ್ದಾರೆ. ಎಲ್ಲಿಯೂ ಕ್ಯಾನ್ಸರ್ ಅಂಶವಿಲ್ಲ ಎಂದಿದೆ. ಹಾಗಾದರೆ ಇನ್ನೊಂದು ಅಂಡಾಶಯ ಒಳಗೇ ಉಳಿದಿದೆಯೆ? ಒಂದೇ ಇದ್ದರೆ ಹಾರ್ಮೋನ್ ಸಾಕಾಗುತ್ತಿತ್ತೆ? ಮಿಶ್ರಿಯ ವಿಷಯ ಕೇಳಿದೆ. ದಿನಕ್ಕೆರಡು ಸಲ ತಿಕ್ಕುತ್ತಾರಂತೆ. ಮೊದಲ ಬಸಿರಿನಲ್ಲಿ ಬಿಪಿ ಏರಿ ಕಾಲು ಬಾತು, ತಿಂಗಳು ತುಂಬುವ ಮೊದಲೇ ಹೆರಿಗೆ ಮಾಡಿಸಿದ್ದರೆಂದು ಅಮ್ಮ ಹೇಳಿದರು. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ತಿಳಿಯದು, ಹೇಳಿರಲೆಂದು ಬರೆದೆ.

ಬೀದರ್‌ನ ಸ್ತ್ರೀರೋಗ ವೈದ್ಯೆ:

ಅಮ್ಮ ಹೇಳಿದ್ದು ಬಹಳ ಮುಖ್ಯ. ಬಸಿರಿನಲ್ಲಿ ಬಿಪಿ ಏರಿ ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯರೋಗದ ಸಂಭವ ಇತರರಿಗಿಂತ ಸುಮಾರು ಎರಡರಷ್ಟು. ಹೃದಯದ ವೈದ್ಯರು ಹೆರಿಗೆಯ ಚರಿತ್ರೆ ಕೇಳುವುದು ಅಪರೂಪವಾದ್ದರಿಂದ ಇದನ್ನು ನೀವಾಗಿಯೇ ಹೇಳಬೇಕು.

ವರದಿ ಸರಿಯಾಗಿದ್ದರೆ ಇನ್ನೊಂದು ಅಂಡಾಶಯ ಉಳಿದಿದೆ. ಒಂದೇ ಅಂಡಾಶಯವಿದ್ದರೂ ಹಾರ್ಮೋನ್ ಸಾಕಷ್ಟು ಬರುತ್ತದೆ. ಆದರೆ ಗರ್ಭಕೋಶ ತೆಗೆದವರಲ್ಲಿ ಉಳಿಸಿದ ಅಂಡಾಶಯವೂ ವಾಡಿಕೆಗಿಂತ ಮುಂಚೆ ಸೋಲುವ ಸಂಭವ ಹೆಚ್ಚು. ಮುಟ್ಟೇ ಇಲ್ಲದಿರುವುದರಿಂದ ಅದು ಯಾವಾಗ ನಿಂತಿತು ಎಂಬುದು ಅವರಿಗೂ ಗೊತ್ತಾಗಿರುವುದಿಲ್ಲ. ಭಾರತೀಯ ಮಹಿಳೆಯರಿಗೆ ಸರಾಸರಿ 46–47ಕ್ಕೆ ಮುಟ್ಟು ನಿಲ್ಲುತ್ತದೆ. ಹಾಗಾಗಿ ಇತ್ತೀಚಿನ ಝಳ ಮತ್ತು ಎದೆಬಡಿತ, ಉಳಿದ ಅಂಡಾಶಯ ಈಗಷ್ಟೇ ಹಿಂದೆ ಸರಿಯುತ್ತಿರುವುದರ ಲಕ್ಷಣವೂ ಆಗಿರಬಹುದು. ಹಾಗಿದ್ದರೆ ಒಂಬತ್ತು ವರ್ಷ ತಡವಾಗಿದೆ ಎಂಬ ಚಿಂತೆ ಬೇಕಿಲ್ಲ. ಚಿಕಿತ್ಸೆಗೆ ಸೂಕ್ತವಾದ ಕಾಲದಲ್ಲಿಯೇ ಅವರಿದ್ದಾರೆ.

ಕಲಬುರಗಿಯಲ್ಲಾಗಲಿ ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ. ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ಮತ್ತು ಎಸ್ಟ್ರಾಡಿಯೋಲ್ ರಕ್ತಪರೀಕ್ಷೆ ಕೇಳಿ; 46ರ ವಯಸ್ಸಿನಲ್ಲಿ ಇದು ಎಲ್ಲರಿಗೂ ಬೇಕಾಗುವುದಿಲ್ಲ, ಮುಟ್ಟಿನ ಲೆಕ್ಕವೇ ಇಲ್ಲದ ಇವರಿಗೆ ಉಪಯುಕ್ತ. ಎದೆಬಡಿತಕ್ಕೆ ಥೈರಾಯ್ಡ್ ಮತ್ತು ರಕ್ತಹೀನತೆಯೂ ಕಾರಣವಾಗಿರಬಹುದು, ಅವೆರಡನ್ನೂ ನೋಡಿಸಿ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಉಳಿದ ಅಂಡಾಶಯ ಕಂಡರೆ ವರದಿಯೂ ಖಚಿತವಾಗುತ್ತದೆ. ಹಾರ್ಮೋನ್ ಆರಂಭಿಸುವ ಮುನ್ನ ಬಿಪಿ ಹತೋಟಿಗೆ ಬಂದಿರಬೇಕು, ಸ್ತನ ಪರೀಕ್ಷೆ ಆಗಿರಬೇಕು, ಮನೆತನದಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ತೊಂದರೆ ಇತ್ತೆ ಎಂಬುದನ್ನು ಹೇಳಬೇಕು. ಆರಂಭಿಸಿದರೂ ಅದು ಝಳಕ್ಕೆ ಮತ್ತು ಮೂಳೆಗೆ. ಎಲ್‌ಡಿಎಲ್‌ಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೆ ಎಂಬುದನ್ನು ಫಿಜಿಶಿಯನ್ ಬೇರೆಯಾಗಿ ನಿರ್ಧರಿಸುತ್ತಾರೆ, ಒಂದು ಇದ್ದರೆ ಇನ್ನೊಂದು ಬೇಡ ಎಂದು ಭಾವಿಸಬೇಡಿ.

ಮಿಶ್ರಿಯನ್ನು ಮಾತ್ರ ಯಾವ ಪರೀಕ್ಷೆಗೂ ಕಾಯದೆ ಈ ವಾರವೇ ಬಿಡಿಸಿ. ಬಯಾಪ್ಸಿ ವರದಿಯ ಎರಡು ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಯನ್ನು ಯಾವ ಆಸ್ಪತ್ರೆಯಲ್ಲಿಯೂ ಬಿಟ್ಟು ಬರಬೇಡಿ.